ಶ್ರೀ ಫೋಲ್ಡರಿನೊಳಗಿನ ಲೈಬ್ರರಿಗಳು

ಎರಡು ಸಾವಿರದ ಇಸವಿ ದಾಟಿ ಸ್ವಲ್ಪ ಕಾಲವಾಗಿತ್ತು. ಆಗ ನಾನು ಹುಬ್ಬಳ್ಳಿ-ಧಾರವಾಡದ ನಡುವಿನ ರಾಯಾಪುರದ ಒಂದು ಗೋದಾಮಿನಲ್ಲಿ ಕಂಪ್ಯೂಟರ್ ಕೆಲಸಕ್ಕಿದ್ದೆ. ಪಂಪ್‌ಸೆಟ್ಟಿನ ಬಿಡಿಭಾಗಗಳ ವ್ಯಾಪಾರ. ಸರಕು ರಾಯಾಪುರದಲ್ಲಿ, ಅಂಗಡಿ ಧಾರವಾಡದಲ್ಲಿ. ಕೆಳಗೆ ಹಮಾಲರ ಗದ್ದಲ, ಮೇಲಿನ ಕೋಣೆಯಲ್ಲಿ ಕಂಪ್ಯೂಟರು ಮತ್ತು ನಾನು. ನಾನು ಮೆಟ್ಟಿಲಿಳಿದು ಬಂದರೆ ಹಮಾಲರು ಬೀಡಿ ಮರೆಮಾಡಿಕೊಂಡು ಮಾತು ನಿಲ್ಲಿಸುತ್ತಿದ್ದರು. ಗೌರವವಂತೆ. ಅಂಥ ಗೌರವ ನನ್ನ ಶತ್ರುವಿಗೂ ಬೇಡ.

ಸಂಜೆ ಹುಬ್ಬಳ್ಳಿಯ ಬೆಂಗೇರಿಯಲ್ಲಿ ಬಾಡಿಗೆ ಕೋಣೆ. ಅವ್ವ ತೀರಿಕೊಂಡ ಮೇಲೆ ಗರಗ ಎಂಬ ಊರಿನಲ್ಲಿದ್ದ ಅಣ್ಣನ ಮನೆಗೆ ನಾನು ಹಬ್ಬಕ್ಕೆ ಬಂದುಹೋಗುವವಳಾಗಿದ್ದೆ. ಕಂಡಕ್ಟರನಿಗೆ ಹೇಳಿದ "ಒಂದ್ ರಾಯಾಪುರ" ಬಿಟ್ಟರೆ ಇಡೀ ದಿನ ನನ್ನ ಬಾಯಿಂದ ಮಾತೇ ಹೊರಡದ ದಿನಗಳಿದ್ದವು. ಯಾರಾದರೂ ಕೇಳಿದ್ದರೆ ನನಗೆ ಒಂಟಿತನವೇನಿಲ್ಲ ಎಂದು ಜೋರು ಮಾಡುತ್ತಿದ್ದೆ. ಆದರೆ ಕೇಳುವವರೇ ಇರಲಿಲ್ಲ.

ಒಂದು ದಿನ ಮಾಲೀಕರು ಮೇಲೆ ಬಂದರು. "ಫೋನಿನ್ಯಾಗ ಒಂದು ಹೇಳಿದ್ರ ಇನ್ನೊಂದು ಕೇಳಸ್ತೈತಿ ನೋಡ್ರಿ ಬಾಯಾರ. ವಾಶರ್ ಕೇಳಿದ್ರ ವಾಲ್ವ್ ಬರ್ತಾವ. ಇಲ್ಲಿ ಬರದದ್ದು ಹಂಗ ಅಲ್ಲಿ ಕಾಣೂಹಂಗ ಏನರ ಮಾಡ್ರಿ" ಎಂದರು. ಮಾಡುತ್ತೇನೆ ಎಂದೆ. ಪ್ರೋಗ್ರಾಂ ಬರೆಯುವ ನನ್ನ ಕೆಲಸದ ಬಗ್ಗೆ ನನಗೆ ಜಂಭವಿತ್ತು, ಇಲ್ಲವೆನ್ನುವುದಿಲ್ಲ.

ಸಂದೇಶ ಕಳಿಸುವ ಪ್ರೋಗ್ರಾಂ ಬರೆಯುವುದು ಕಷ್ಟವಾಗಲಿಲ್ಲ. ಕಷ್ಟ ಕೊಟ್ಟದ್ದು ಧಾರವಾಡದ ತುದಿ. ಅಲ್ಲಿನ ಕಂಪ್ಯೂಟರಿನಲ್ಲಿ ಪ್ರೋಗ್ರಾಂ ನಡೆಯಬೇಕಾದರೆ ಅದಕ್ಕೆ ಕ್ಲೈಂಟ್ ಲೈಬ್ರರಿಗಳು ಬೇಕು, ಅಂದರೆ ಬೇರೆ ಯಾರೋ ಬರೆದಿಟ್ಟ ಪ್ರೋಗ್ರಾಂ ತುಣುಕುಗಳು. ಒಂದನ್ನು ತಂದರೆ ಅದು ಇನ್ನೊಂದು ಬೇಕೆನ್ನುತ್ತದೆ. ಅದನ್ನು ತಂದರೆ ಅದರದ್ದೇ ಬೇರೆ ತಕರಾರು: ಇದು ಹಳೆಯದು, ಹೊಸದು ಬೇಕು. ಮದುವೆಗೆ ಬೀಗರನ್ನು ಕರೆದರೆ ಬೀಗರ ಬೀಗರನ್ನೂ ಕರೆಯಬೇಕಲ್ಲ, ಹಾಗೆ. ನಮ್ಮ ಎರಡೂ ಕಡೆಯ ಇಂಟರ್ನೆಟ್ ನಾಲ್ಕು ಅಕ್ಷರ ಕಳಿಸಲು ಸಾಕು, ದೊಡ್ಡ ಫೈಲುಗಳಿಗೆ ಸಾಲದು. ಹುಬ್ಬಳ್ಳಿಯ ಸೈಬರ್ ಸೆಂಟರಿನಲ್ಲಿ ಕೂತು ಒಂದೊಂದಾಗಿ ಇಳಿಸಿಕೊಂಡು, ಸಿಡಿಗೆ ಹಾಕಿ, ಸರಕಿನ ಟೆಂಪೋದಲ್ಲಿ ಧಾರವಾಡಕ್ಕೆ ಕಳಿಸುತ್ತಿದ್ದೆ.

ಅಲ್ಲಿ ಸಿಡಿ ಹಾಕುವವರು ಅಂಗಡಿಯ ಹಿರಿಯ ಗುಮಾಸ್ತರು. ನಾನು ಅವರ ಮುಖ ನೋಡಿರಲಿಲ್ಲ. ಕಾಕಾ ಎನ್ನುತ್ತಿದ್ದೆ. ಸಿಡಿ ಹಾಕಿ ನೋಡಿ ಮಧ್ಯಾಹ್ನ ಅವರು ಫೋನು ಮಾಡುತ್ತಿದ್ದರು. ನಾನು ನೇರ ಕೆಲಸಕ್ಕೆ ಬಂದರೆ ಬಿಡುತ್ತಿರಲಿಲ್ಲ.

"ತಡಿಯವಾ ತಂಗಿ. ಮೊದಲ ಊಟ ಆತೇನು?"

"ಆತ್ರಿ ಕಾಕಾ."

"ಏನ್ ಮಾಡಿದ್ದಿ?"

ಮೊದಲ ದಿನ ನಾನು ತಿಂದದ್ದು ಒಣ ಚುರಮುರಿ. ನಾಚಿಕೆಯಾಗಿ "ರೊಟ್ಟಿ, ಬದನಿಕಾಯಿ ಎಣಗಾಯಿ" ಎಂದುಬಿಟ್ಟೆ. "ಎಣಗಾಯಿಗೆ ಗುರೆಳ್ಳು ಹಾಕಿದ್ದೇನು? ಹಾಕಿಲ್ಲಂದ್ರ ಅದೇನ್ ಎಣಗಾಯಿ" ಎಂದು ತರಾಟೆಗೆ ತೆಗೆದುಕೊಂಡರು. ಮರುದಿನ ಬೆಳಿಗ್ಗೆ ಬೇಗ ಎದ್ದು ಗುರೆಳ್ಳು ಹಾಕಿ ಎಣಗಾಯಿ ಮಾಡಿದೆ. ಆಮೇಲೆ ದಿನಾ ಏನಾದರೂ ಮಾಡತೊಡಗಿದೆ. ಮಧ್ಯಾಹ್ನ ಒಬ್ಬರು ಏನು ಮಾಡಿದ್ದಿ ಎಂದು ಕೇಳುತ್ತಾರೆ ಅನ್ನುವುದು ಒಲೆ ಹಚ್ಚುವುದಕ್ಕೆ ಸಾಕಾಗಿತ್ತು.

ಊಟದ ಮಾತು ಮುಗಿದ ಮೇಲೆ ಕೆಲಸ. ಲೈಬ್ರರಿಗಳನ್ನೆಲ್ಲ ಲಿಬ್ ಎಂಬ ಫೋಲ್ಡರಿನಲ್ಲಿ ಇಡಲು ಹೇಳಿದ್ದೆ. "ಲಿಬ್ ಅನ್ನೂ ಫೋಲ್ಡರ್ ಐತೇನ್ರಿ?" "ಐತಿ." "ಅದರಾಗ ನಾ ಕಳಿಸಿದ ಫೈಲ್ ಎಲ್ಲಾ ಅದಾವೇನ್ರಿ?" "ಎಲ್ಲಾ ಅದಾವ. ಸಾಲಾಗಿ ಕುಂತಾವ." ಆದರೂ ಪ್ರೋಗ್ರಾಂ ಲೈಬ್ರರಿ ಸಿಗಲಿಲ್ಲ ಎಂದೇ ಅರಚುತ್ತಿತ್ತು. ಇನ್ಯಾವುದೋ ಲೈಬ್ರರಿ ಬೇಕೇನೋ ಎಂದು ಮತ್ತೊಂದು ಸಿಡಿ ಕಳಿಸುತ್ತಿದ್ದೆ. ಮರುದಿನ ಮತ್ತೆ ಫೋನು, ಮತ್ತೆ ಊಟ ಆತೇನು. ಕೊನೆಗೆ ಕಾಕಾ "ಇಡ್ಲ್ಯಾ ತಂಗಿ?" ಎಂದು ಕೇಳಿ, ನಾನು "ಇಡ್ರಿ" ಎಂದ ಮೇಲೆಯೇ ಫೋನು ಇಡುತ್ತಿದ್ದರು. ಹೀಗೆ ವಾರಗಳು ಕಳೆದವು. ಮಾಲೀಕರು ಸಿಡುಕತೊಡಗಿದರು. ನನಗೂ ಆ ಪ್ರೋಗ್ರಾಮಿನ ಮೇಲೆ ಮೈಯೆಲ್ಲ ಉರಿಯುತ್ತಿತ್ತು. ಆದರೆ ಮಧ್ಯಾಹ್ನವಾಗುವುದನ್ನು ಕಾಯುತ್ತಲೂ ಇದ್ದೆ.

ಕಡೆಗೆ ಮಾಲೀಕರೇ "ಹೋಗಿ ನೋಡಿ ಬರ್ರಿ" ಎಂದು ಕಳಿಸಿದರು. ಬಸ್ಸು ಹತ್ತಿ ಧಾರವಾಡಕ್ಕೆ ಹೋದೆ. ಕಾಕಾ ನಾನು ಅಂದುಕೊಂಡಂತೆ ದಪ್ಪಗಿರಲಿಲ್ಲ. ಸಣಕಲು ದೇಹ, ಬಿಳಿ ಟೋಪಿ. ಅವರು ಚಹಾ ತರಿಸಿದರು, ನಾನು ಕಂಪ್ಯೂಟರ್ ತೆರೆದೆ.

ಲಿಬ್ ಇತ್ತು. ಫೈಲುಗಳೆಲ್ಲ ಇದ್ದವು, ಸಾಲಾಗಿಯೇ ಕೂತಿದ್ದವು. ಆದರೆ ಅದೆಲ್ಲ ಇನ್ನೊಂದು ಫೋಲ್ಡರಿನ ಒಳಗಿತ್ತು. ಅದರ ಹೆಸರು ಶ್ರೀ.

"ಇದೇನ್ರಿ ಕಾಕಾ?"

"ಮತ್ತ? ಹೊಸಾ ಕೆಲಸ, ಶ್ರೀ ಹಾಕದ ಹೆಂಗ ಸುರು ಮಾಡ್ಲಿ? ಮೊದಲ ಶ್ರೀ ಹಾಕಿ, ಅದರಾಗ ನಿಂದೆಲ್ಲಾ ಇಟ್ಟೇನಿ."

ನನ್ನ ಪ್ರೋಗ್ರಾಂ ಲೈಬ್ರರಿಗಳನ್ನು ಹೊರಗೆ ಹುಡುಕುತ್ತಿತ್ತು. ಅವು ದೇವರ ಹೆಸರಿನೊಳಗೆ ಬೆಚ್ಚಗೆ ಕೂತಿದ್ದವು. ನಾನು ಕೇಳಿದ್ದಕ್ಕೆಲ್ಲ ಕಾಕಾ ಖರೆಯನ್ನೇ ಹೇಳಿದ್ದರು. ಲಿಬ್ ಯಾವುದರೊಳಗಿದೆ ಎಂದು ನಾನು ಕೇಳಿರಲೇ ಇಲ್ಲ. ನಗು ತಡೆಯಲಾಗಲಿಲ್ಲ. ಅವರೂ ನಕ್ಕರು, ಆಮೇಲೆ ಗಾಬರಿಯಾಗಿ "ಶ್ರೀ ತಗೀಬ್ಯಾಡವಾ ತಂಗಿ" ಎಂದರು.

ತೆಗೆಯಲಿಲ್ಲ. ಪ್ರೋಗ್ರಾಂ ಶುರುಮಾಡುವ ಫೈಲಿನಲ್ಲಿ ಒಂದು ಸಾಲು ತಿದ್ದಿ ಹುಡುಕುವ ದಾರಿಗೆ ಶ್ರೀ ಸೇರಿಸಿದೆ. ಅಷ್ಟೇ. ಪರದೆಯ ಮೇಲೆ ಕಿಟಕಿ ತೆರೆಯಿತು. ರಾಯಾಪುರದಿಂದ ಮಾಲೀಕರು ಬಡಿದ ಅಕ್ಷರಗಳು ಒಂದು ಗಳಿಗೆಯಲ್ಲಿ ಇಲ್ಲಿ ಮೂಡಿದವು. ಅಂಗಡಿಯವರೆಲ್ಲ ಬಂದು ನೋಡಿ ಭಲೇ ಎಂದರು. ಕಾಕಾ ಮಾತ್ರ ಪರದೆಯನ್ನೂ ಫೋನನ್ನೂ ಒಮ್ಮೆ ನೋಡಿ, "ಹಂಗಾರ ಇನ್ನ ಫೋನ್ ಹಚ್ಚೂ ಜರೂರಿ ಇಲ್ಲೇಳು" ಎಂದರು. ಬಸ್ಸಿನ ತನಕ ಕಳಿಸಲು ಬಂದರು. ನಾನು ಕಿಟಕಿಯ ಬಳಿ ಕೂತು ಅಳಬಾರದೆಂದು ಹಲ್ಲು ಕಚ್ಚಿಕೊಂಡೆ. ಕೆಲಸ ಗೆದ್ದು ಬರುವವಳು ಅಳುವುದೇನು ಎಂದು ನನ್ನ ಮೇಲೆಯೇ ಸಿಟ್ಟು ಬಂತು.

ಮರುದಿನ ಮಧ್ಯಾಹ್ನ ಫೋನು ಬರಲಿಲ್ಲ. ಸಂದೇಶ ಬಂತು, ಇಂಗ್ಲಿಷ್ ಅಕ್ಷರಗಳಲ್ಲಿ ತಡವರಿಸಿ ಬಡಿದ ಕನ್ನಡ: ಊಟ ಆತೇನು ತಂಗಿ. ಆತ್ರಿ ಕಾಕಾ ಎಂದು ಬಡಿದೆ. ಅವರು ಏನು ಮಾಡಿದ್ದಿ ಎಂದು ಕೇಳುವುದರೊಳಗೆ ಮಾಲೀಕರು ಮೇಲೆ ಬಂದರು. ಎಲ್ಲ ಸಂದೇಶಗಳೂ ಕೆಳಗಿದ್ದ ಅವರ ಕಂಪ್ಯೂಟರಿನ ಪರದೆಗೂ ಹೋಗುವಂತೆ ನಾನೇ ಏರ್ಪಾಡು ಮಾಡಿಕೊಟ್ಟಿದ್ದೆ. "ಇದರಾಗ ಬರೇ ದಂಧೇದ ಮಾತು ಇರ್ಲಿ ಬಾಯಾರ" ಎಂದು ಮೆತ್ತಗೆ ಹೇಳಿ ಇಳಿದುಹೋದರು. ಕಾಕಾಗೂ ಹೇಳಿರಬೇಕು. ಆಮೇಲೆ ಅಲ್ಲಿಂದ ಬಂದದ್ದೆಲ್ಲ ವಾಶರು, ವಾಲ್ವು, ಬೇರಿಂಗು.

ಪ್ರೋಗ್ರಾಂ ಕೆಟ್ಟರೆ ಕಾಕಾ ಫೋನು ಮಾಡುತ್ತಾರೆ ಎಂದು ನನಗೆ ಗೊತ್ತಿತ್ತು. ಮಳೆಗಾಲದಲ್ಲಿ ಕರೆಂಟು ಹೋಗಿ ಬಂದಾಗಲೆಲ್ಲ ಫೋನಿನ ಕಡೆಗೆ ನೋಡುತ್ತಿದ್ದೆ. ಎಣಗಾಯಿ ಮಾಡುವುದು ನಿಂತು ಮತ್ತೆ ಚುರಮುರಿಗೆ ಬಂದೆ. ಮುಂದೆ ಬೇರೆ ಕಡೆ ಕೆಲಸ ಸಿಕ್ಕಿ ಅಲ್ಲಿಂದ ಹೊರಡುವವರೆಗೂ ನಾನು ಕಳಿಸಿದ ಆ ಲೈಬ್ರರಿಗಳು ಶ್ರೀಯೊಳಗೆ ಅಲುಗಾಡದೆ ಕೂತಿದ್ದವು. ಆ ಪ್ರೋಗ್ರಾಂ ಒಂದು ದಿನವೂ ಕೆಡಲಿಲ್ಲ.