ಶನಿವಾರಕ್ಕೆ ಮೊದಲು ಬಂದ ಭಾನುವಾರ

ನಮ್ಮ ಅಸಾಫೊ ಬೀದಿಯಲ್ಲಿ ಯಾರಾದರೂ ಸತ್ತರೆ ಪಾದ್ರಿಗಿಂತ ಮೊದಲು ಡಪಾನಿಗೆ ಸುದ್ದಿ ಹೋಗುತ್ತಿತ್ತು. ಜೋಳದ ಹಿಟ್ಟನ್ನು ಹುಳಿ ಬರಿಸಿ ಉಂಡೆ ಕಟ್ಟಿ ಬೇಯಿಸುವ ಕೆಂಕಿ ನನ್ನ ವ್ಯಾಪಾರ; ಕ್ವಾಕು ಡಪಾ ನನ್ನ ಆ ಅಂಗಡಿಯ ಎದುರಿನ ಫೋಟೋಗ್ರಾಫರ್. ಕುಮಾಸಿಯಂಥ ದೊಡ್ಡ ಊರಿನಲ್ಲಿ ಫೋಟೋ ತೆಗೆಯುವವರಿಗೇನೂ ಬರವಿಲ್ಲ. ಆದರೆ ಹ್ಯಾಂಬರ್ಗ್‌ನಲ್ಲೋ ಟೊರಾಂಟೊದಲ್ಲೋ ಕೂತ ನೆಂಟರಿಗೆ ಸಾವಿನ ಮನೆಯ ಚಿತ್ರಗಳನ್ನು ಇಂಟರ್‌ನೆಟ್ಟಿನಲ್ಲಿ ಜೋಡಿಸಿ ತೋರಿಸುತ್ತಿದ್ದವನು ಆಗ ಇವನೊಬ್ಬನೇ. ಅದಕ್ಕೆಂದು ಕಂಪ್ಯೂಟರಿಗೆ ಕೆಲಸ ಹೇಳುವ ಒಂದು ಸಣ್ಣ ಸ್ಕ್ರಿಪ್ಟ್ ಬರೆದಿದ್ದ. ಫೋಟೋಗಳನ್ನು ಕಂಪ್ಯೂಟರಿಗೆ ಸುರಿದು ಗುಂಡಿ ಒತ್ತಿದರೆ ಸಾಕು, ಅದು ಕ್ಯಾಮೆರಾದ ಗಡಿಯಾರ ನೋಡಿ, ತೆಗೆದ ಹೊತ್ತಿನ ಪ್ರಕಾರ ಸಾಲಾಗಿಟ್ಟು ಪುಟ ಕಟ್ಟಿಕೊಡುತ್ತಿತ್ತು. ಅಷ್ಟಕ್ಕೇ ಇವನ ಕಾಲು ನೆಲದ ಮೇಲೆ ನಿಲ್ಲುತ್ತಿರಲಿಲ್ಲ. ‘ಮನುಷ್ಯ ಸುಳ್ಳಾಡಬಹುದು, ನನ್ನ ಸ್ಕ್ರಿಪ್ಟ್ ಆಡುವುದಿಲ್ಲ’ ಎಂದು ಬೋರ್ಡು ಬರೆಸಿ ಅಂಗಡಿಗೆ ತೂಗುಹಾಕಿದ್ದ.

ಲಾರಿ ಮಾಲೀಕ ಬೊವಾಡಿ ಸತ್ತಾಗಲೂ ಇವನೇ ಹೋದ. ಶನಿವಾರ ಕಪ್ಪು ಬಟ್ಟೆಯಲ್ಲಿ ಅತ್ತು ಮಣ್ಣು ಮಾಡಿದ್ದು, ಭಾನುವಾರ ಬಿಳಿ ಬಟ್ಟೆಯುಟ್ಟು ದೇವರಿಗೆ ವಂದಿಸಿ ಉಂಡು ಕುಣಿದದ್ದು, ಎಲ್ಲ ಕ್ರಮದಂತೆಯೇ ನಡೆಯಿತು. ಭಾನುವಾರ ಡಪಾನ ಕ್ಯಾಮೆರಾ ಕೈಕೊಟ್ಟಿತು. ಭಾವಮೈದುನನ ಕ್ಯಾಮೆರಾ ಇಸಕೊಂಡು ಬಂದ. ಬ್ಯಾಟರಿ ತೆಗೆದಿಟ್ಟಿದ್ದ ಆ ಕ್ಯಾಮೆರಾದ ಗಡಿಯಾರ ಎಷ್ಟೋ ವರ್ಷ ಹಿಂದಕ್ಕೆ ಹೋಗಿ ಕೂತಿತ್ತು. ಮಹಾಶಯ ಅದನ್ನು ನೋಡಲೇ ಇಲ್ಲ, ಎರಡೂ ದಿನದ ಫೋಟೋ ಕಂಪ್ಯೂಟರಿಗೆ ಸುರಿದು ಗುಂಡಿ ಒತ್ತಿ ಊಟಕ್ಕೆ ಎದ್ದ.

ಹ್ಯಾಂಬರ್ಗ್‌ನಲ್ಲಿದ್ದ ಬೊವಾಡಿಯ ತಮ್ಮ ಪುಟ ತೆರೆದರೆ ಏನು ಕಾಣಬೇಕು? ಮೊದಲಿಗೇ ಬೊವಾಡಿಯ ಹೆಂಡತಿ ಸೆರ್ವಾ ಬಿಳಿ ಬಟ್ಟೆಯಲ್ಲಿ ನಗುತ್ತಾ ಕುಣಿಯುತ್ತಿದ್ದಾಳೆ. ಆಮೇಲೆ ಕಪ್ಪು ಬಟ್ಟೆ, ಅಳು, ಶವಪೆಟ್ಟಿಗೆ. ಗಂಡ ಶವಾಗಾರದಲ್ಲಿರುವಾಗಲೇ ಹಬ್ಬ ಮಾಡಿದವಳು ಅಣ್ಣನ ಮನೆಯಲ್ಲಿ ಇರಕೂಡದೆಂದು ಫೋನಿನಲ್ಲೇ ಕೂಗಾಡಿದ. ಸರ್ಕಾರದ ಕಾನೂನು ಏನೇ ಹೇಳಲಿ, ನಮ್ಮಲ್ಲಿ ವಿಧವೆ ಮನೆಯಲ್ಲಿ ಉಳಿಯುವುದು ಗಂಡನ ಕುಲದ ಹಿರಿಯನ ಮರ್ಜಿಯಿಂದ. ಆ ಹಿರಿಯ ಅಟುವಾ ಎರಡೂ ದಿನ ಎಲ್ಲರಿಗಿಂತ ಮುಂದೆ ಇದ್ದವನು. ಆದರೂ ಹ್ಯಾಂಬರ್ಗಿನವನು ಕಂಡದ್ದೇ ನಿಜವೆಂದು ತಲೆಯಾಡಿಸಿದ. ಮನೆಯ ಮೇಲೆ ಅವನಿಗೂ ಕಣ್ಣಿತ್ತು.

ಸೆರ್ವಾ ಡಪಾನ ಅಂಗಡಿಗೆ ಓಡಿಬಂದಳು.

“ತಮ್ಮಾ, ಗಡಿಯಾರ ತಪ್ಪಿತ್ತು ಅಂತ ಒಂದು ಮಾತು ಹೇಳಪ್ಪಾ. ಮಕ್ಕಳನ್ನ ಕಟ್ಕೊಂಡು ಎಲ್ಲಿಗೆ ಹೋಗ್ಲಿ?”

ಡಪಾ ಬೋರ್ಡಿನ ಕಡೆ ನೋಡಿದ. “ಅಕ್ಕಾ, ನಾನು ಹಾಗಂದ್ರೆ ನಾಳೆಯಿಂದ ನನ್ನನ್ನ ಯಾವ ಹೆಣದ ಹತ್ರ ಬಿಟ್ಕೋತಾರೆ ಹೇಳು?”

ನನಗೆ ಮೈಯೆಲ್ಲ ಉರಿಯಿತು. “ಆ ಬೋರ್ಡನ್ನೇ ಬೇಯಿಸ್ಕೊಂಡು ತಿನ್ನೋ, ನನ್ನಂಗಡಿ ಕಡೆ ತಲೆ ಹಾಕ್ಬೇಡ” ಎಂದು ಈಚೆಯಿಂದಲೇ ಕೂಗಿದೆ. ಮಧ್ಯಾಹ್ನ ಎಂದಿನಂತೆ ಕೆಂಕಿಗೆ ಬಂದ, ನಾಚಿಕೆಗೆಟ್ಟವನು.

ಮರುದಿನ ಕುಲದವರೆಲ್ಲ ಸೆರ್ವಾಳ ತಪ್ಪನ್ನು ಕಣ್ಣಾರೆ ನೋಡಲು ಡಪಾನ ಕಂಪ್ಯೂಟರ್ ಮುಂದೆ ಸೇರಿದರು. ಅಟುವಾ ಕೈಕೋಲು ಊರಿ ತೀರ್ಪು ಹೇಳಲು ಗಂಟಲು ಸರಿಮಾಡಿಕೊಂಡ. ಸೆರ್ವಾ ಪರದೆಗೆ ಬೆರಳಿಟ್ಟಳು.

“ಯಜಮಾನ್ರೇ, ನನ್ನ ಪಕ್ಕದಲ್ಲಿ ಬಿಳಿ ಬಟ್ಟೆ ಉಟ್ಕೊಂಡು, ಕೆನ್ನೆ ತುಂಬ ಮಾಂಸ ತುರುಕ್ಕೊಂಡು ಕುಣೀತಿರೋದು ಯಾರು?”

ಯಾರೋ ಪರದೆಯನ್ನೂ ಅಟುವಾನನ್ನೂ ನೋಡಿ ಕಿಸಕ್ಕೆಂದರು.

“ಸ್ಕ್ರಿಪ್ಟ್ ಸುಳ್ಳಾಡಲ್ಲ ಅಂದ್ಮೇಲೆ, ಮಣ್ಣಿಗೆ ಮೊದ್ಲೇ ಹಬ್ಬ ಮಾಡಿದ್ದು ನಾನೊಬ್ಬಳೇ ಅಲ್ವಲ್ಲ. ಹ್ಯಾಂಬರ್ಗಿಗೆ ನೀವೇ ಫೋನ್ ಮಾಡ್ತೀರೋ, ನಾನು ಮಾಡ್ಲೋ?”

ಅಟುವಾ ಗರ್ರನೆ ಡಪಾನ ಕಡೆ ತಿರುಗಿದ. “ಏನೋ ಕತ್ತೆ, ನಿನ್ನ ಯಂತ್ರಕ್ಕೆ ಶನಿವಾರ ಯಾವ್ದು ಭಾನುವಾರ ಯಾವ್ದು ಅಂತಾನೂ ಗೊತ್ತಿಲ್ವೇನೋ?”

ತಟ್ಟನೆ ಕುಲದವರಿಗೆಲ್ಲ ನೆನಪು ಮರಳಿತು. ಹಿರಿಯನೇ ಹ್ಯಾಂಬರ್ಗಿಗೆ ಫೋನ್ ಮಾಡಿ ತಿಳಿಹೇಳಿದ. ಸೆರ್ವಾ ಮನೆಯಲ್ಲೇ ಉಳಿದಳು.

ಡಪಾ ಬುದ್ಧಿ ಕಲಿತ, ಅಂದರೆ ಸ್ಕ್ರಿಪ್ಟ್ ಬದಲಿಸಿದ. ಈಗ ಅದು ಗಡಿಯಾರದ ಗೊಡವೆಗೇ ಹೋಗದೆ, ಇವನು ಬರೆದುಕೊಟ್ಟ ಅಂತಸ್ತಿನ ಪಟ್ಟಿ ನೋಡಿ ಸಾಲು ಹಿಡಿಸುತ್ತದೆ. ಮೊದಲು ಕುಲದ ಹಿರಿಯರು, ಆಮೇಲೆ ವಿದೇಶದಿಂದ ಬಂದವರು, ಹೀಗೆ. ಯಾರದ್ದೂ ತಕರಾರಿಲ್ಲ, ಸಾವಿನ ಮನೆಯವರೆಲ್ಲ ಅವನನ್ನೇ ಕರೆಯುತ್ತಾರೆ. ಬೊವಾಡಿಯ ಪುಟಗಳನ್ನೂ ಹಾಗೆಯೇ ತಿದ್ದಿದ.

ಮೊನ್ನೆ ಸೆರ್ವಾ ಬಂದು ಗಂಡನ ಮುಖ ನೋಡಬೇಕೆಂದಳು. ಡಪಾ ಒತ್ತುತ್ತಲೇ ಹೋದ. ಅಟುವಾ, ಅಟುವಾನ ಕೈಕೋಲು, ಪಾದ್ರಿ, ಲಂಡನ್ನಿನ ಸೋದರಳಿಯ, ಮತ್ತೆ ಅಟುವಾ. ಕಟ್ಟಕಡೆಯ ಪುಟದಲ್ಲಿ, ಎಲ್ಲರೂ ಮುಗಿದ ಮೇಲೆ, ಬೊವಾಡಿ ಕಣ್ಣು ಮುಚ್ಚಿ ಮಲಗಿದ್ದ.

“ಇಲ್ಲೀತನಕ ಯಾರೂ ಬರಲ್ಲ ಅಕ್ಕಾ” ಎಂದ ಡಪಾ, ಸಮಾಧಾನ ಹೇಳುವವನಂತೆ.

ಸೆರ್ವಾ ಸ್ಟೂಲು ಎಳೆದುಕೊಂಡು ಕೂತಳು. “ನೀನು ಹೋಗಿ ಊಟ ಮಾಡ್ಕೊಂಡು ಬಾ. ನಾನು ಸ್ವಲ್ಪ ಹೊತ್ತು ಇವರ ಹತ್ರ ಕೂತಿರ್ತೀನಿ.”