ಕರಿ ಟರ್ಪಾಲಿನ ಮೇಲೆ ಹಣ್ಣಡಿಕೆ

ಅಜ್ಜಾವರದ ಮೋಕ್ಷಿತಾಳ ಕೆಲಸ ಎಂತದ್ದು ಎಂದು ಕೇಳಿದರೆ ಅವಳ ಅಪ್ಪ ಕುಕ್ಕಪ್ಪ ಗೌಡರು ಎದೆಯುಬ್ಬಿಸಿ, "ಗಾಳಿ ಕಳೆಯುದು" ಎನ್ನುತ್ತಿದ್ದರು. ಕೇಳಿದವರು ನಗುತ್ತಿದ್ದರು. ನಗಲಿ ಬಿಡಿ, ಮಾತು ಮಾತ್ರ ನಿಜ. ಮಂಗಳೂರಿನ ಪ್ರಯೋಗಾಲಯವೊಂದರಲ್ಲಿ ಅವಳಿಗೆ ಕೆಲಸ. ವಿಮಾನದ ಕ್ಯಾಮೆರಾ ದಡದ ಹತ್ತಿರದ ಕಡಲನ್ನು ನೂರಾರು ಬಣ್ಣಗಳಾಗಿ ಬಿಡಿಸಿ ಚಿತ್ರ ತೆಗೆಯುತ್ತದೆ. ಆ ಚಿತ್ರದಲ್ಲಿ ನೀರಿನಿಂದ ಬಂದ ಬೆಳಕು ಚೂರು. ನಡುವಿನ ಗಾಳಿ, ದೂಳು ಚದುರಿಸಿದ್ದೇ ರಾಶಿ. ಗಾಳಿಯ ಪಾಲನ್ನು ಕಳೆದರೇನೇ ತಳದ ಮರಳು, ಪಾಚಿ ಕಾಣುವುದು.

ಕಳೆಯಲು ಅಳತೆಯೊಂದು ಬೇಕಲ್ಲ? ಅದಕ್ಕೇ ವಿಮಾನ ಬರುವಾಗ ದಡದಲ್ಲಿ ದೊಡ್ಡ ಕರಿ ಟರ್ಪಾಲು ಹಾಸುತ್ತಾರೆ. ಅದು ಎಷ್ಟು ಬೆಳಕು ಹಿಂದೆ ಕಳಿಸುತ್ತದೆಂದು ಮೊದಲೇ ಗೊತ್ತು. ಚಿತ್ರದಲ್ಲಿ ಅದಕ್ಕಿಂತ ಹೆಚ್ಚಿಗೆ ಕಂಡದ್ದೆಲ್ಲ ಗಾಳಿಯ ಪಾಲು. ಹೋದ ವರ್ಷ ಹಾಗೇ ಕಳೆದರೆ, ಅಯ್ಯೋ, ನೀರಿನ ನೀಲಿ ಸೊನ್ನೆಗಿಂತಲೂ ಕೆಳಗಿಳಿದಿತ್ತು! ಕತ್ತಲೆಗಿಂತ ಕಡಿಮೆ ಬೆಳಕು ಎಲ್ಲಾದರೂ ಉಂಟೇ? ಈ ಸಲವೂ ಹಾಗಾದರೆ ಯೋಜನೆಗೇ ಬೀಗ ಎಂದು ಮೇಲಧಿಕಾರಿ ಚಿನ್ಮಯೀ ಮೇಡಂ ಹೇಳಿಬಿಟ್ಟಿದ್ದರು.

ಟರ್ಪಾಲಿನ ಅಂಚು ಹರಿದಿತ್ತು. ಸುಳ್ಯದ ದರ್ಜಿ ಅದ್ರಾಮ ಅದನ್ನು ಹೊಲಿದು ಅಜ್ಜಾವರದ ಅವಳ ಮನೆಗೇ ಮುಟ್ಟಿಸಿದ. ಹಾರಾಟದ ಹಿಂದಿನ ದಿನ ಒಯ್ಯಲು ಬಂದು ನೋಡುತ್ತಾಳೆ, ಅಂಗಳದ ತುಂಬ ಟರ್ಪಾಲು, ಟರ್ಪಾಲಿನ ತುಂಬ ಹಣ್ಣಡಿಕೆ!

"ಅಪ್ಪಾ, ಇದೆಂತ ಮಾಡಿದ್ದು!"

"ಎಂತ ಮಾರಾಯ್ತಿ? ಇಷ್ಟು ಒಳ್ಳೆ ಬಿಸಿಲು ಉಂಟು. ಮಡಚಿ ಇಟ್ರೆ ಇಲಿ ಕಡಿಯುದಷ್ಟೆ."

ಅವಳಿಗೆ ಅಳುವೇ ಬಂತು. ತೊಳೆದರು, ಉಜ್ಜಿದರು, ಕಂದು ಕಲೆ ಜಪ್ಪಯ್ಯ ಎಂದರೂ ಹೋಗಲಿಲ್ಲ. ಕುಕ್ಕಪ್ಪ ಗೌಡರು ಅಂದು ಸರಿಯಾಗಿ ಉಣ್ಣಲೂ ಇಲ್ಲ.

ಬೆಳಿಗ್ಗೆ ದಡದಲ್ಲಿ ಟರ್ಪಾಲು ಬಿಚ್ಚಿದಾಗ ಚಿನ್ಮಯೀ ಮೇಡಂ ಹಣೆ ಚಚ್ಚಿಕೊಂಡರು. "ಹಳೆ ಅಂಕಿ ಇನ್ನು ಎಂತಕ್ಕೂ ಆಗುದಿಲ್ಲ!"

"ಹೊಸತು ಅಳೆಯುವಾ ಮೇಡಂ," ಎಂದವಳೇ ಮೋಕ್ಷಿತಾ ಬೆಳಕು ಅಳೆಯುವ ಯಂತ್ರ ಹಿಡಿದು ಟರ್ಪಾಲಿನ ಉದ್ದಗಲ ನಡೆದಳು. ಕಲೆಗಳನ್ನೆಲ್ಲ ಅಳೆದಳು. ಅಡಿಕೆ ಮುಟ್ಟದ ಮೂಲೆಯನ್ನು ಅಳೆದಾಗ ನಿಂತೇಬಿಟ್ಟಳು. ಅಲ್ಲೂ ಹಳೆ ಅಂಕಿ ಬರಲಿಲ್ಲ! ಟರ್ಪಾಲು ಬಿಸಿಲಿಗೆ ಎಂದೋ ಮಾಸಿ, ಲೆಕ್ಕದಲ್ಲಿದ್ದುದಕ್ಕಿಂತ ಹೆಚ್ಚು ಬೆಳಕು ಕೊಡುತ್ತಿತ್ತು. ಹೋದ ವರ್ಷ ಆ ಹೆಚ್ಚಿನದನ್ನೂ ಗಾಳಿಯ ತಲೆಗೆ ಕಟ್ಟಿ, ನೀರಿನ ಪಾಲನ್ನೇ ಕಳೆದುಬಿಟ್ಟಿದ್ದರು.

"ಕಲೆ ಆಗದಿದ್ರೆ ನಾವು ಅಳೆಯುತ್ತಲೇ ಇರ್ಲಿಲ್ಲ ಮೇಡಂ!" ಎಂದು ಮರಳಿನಲ್ಲಿ ಕುಣಿದಳು. ಅಷ್ಟರಲ್ಲಿ ವಿಮಾನ ಬಂತು.

ಮುಂದಿನ ವಾರ ಅವಳು ಅಜ್ಜಾವರದ ಜಗಲಿಯಲ್ಲಿ ಲ್ಯಾಪ್‌ಟಾಪ್ ತೆರೆದಳು. ಹೊಸ ಅಂಕಿ ಹಾಕಿ ಗಾಳಿ ಕಳೆದ ಚಿತ್ರದಲ್ಲಿ ತಿಳಿ ನೀಲಿ ನೀರು, ಅದರಡಿ ಮರಳಿನ ಗೆರೆಗಳೂ ಕಾಣುತ್ತಿದ್ದವು. ಎಂಥ ಚಂದ! ಕುಕ್ಕಪ್ಪ ಗೌಡರು ಕಡಲನ್ನು ಬಿಟ್ಟು ದಡದ ಕರಿ ಚುಕ್ಕಿಯನ್ನೇ ನೋಡಿದರು.

"ಅಡಿಕೆ ಕಲೆ ಅದರಲ್ಲುಂಟಾ?" ದನಿ ಸಣ್ಣದಾಗಿತ್ತು.

"ಉಂಟು ಅಪ್ಪ. ಅದು ಇದ್ದ ಕಾರಣವೇ ತಳ ಕಂಡದ್ದು."

ಇನ್ನು ಪ್ರತಿ ಸಲ ಅಳೆದೇ ಲೆಕ್ಕ ಹಾಕುವುದೆಂದು ಮೇಡಂ ತೀರ್ಮಾನಿಸಿಯಾಗಿತ್ತು. ಟರ್ಪಾಲು ಕಾರಿನಲ್ಲೇ ಇತ್ತು. ಹೊರಗೆ ಒಳ್ಳೆ ಬಿಸಿಲಿತ್ತು. ಮೋಕ್ಷಿತಾ ಹೋಗಿ ಅದನ್ನು ತಂದು, ಅಂಗಳದಲ್ಲಿ ತಾನೇ ಹಾಸಿದಳು.