ಮೊದಲ ಹನಿ ಯಾರ ಕೈಗೆ

ಅತ್ತರ ಮಾರುವ ಅಕ್ಕನ ಎಡಗಿವಿ ಹರಿದು ಎರಡು ಸೀಳಾಗಿತ್ತು. ಗಂಡ ಸತ್ತ ದಿನ ಅವಳ ಮೈದುನ ಬೆಂಡೋಲೆಯನ್ನು ಬಿಚ್ಚದೆ ಹಾಗೇ ಕಿತ್ತುಕೊಂಡಿದ್ದ. ಆ ಸೀಳಿನಲ್ಲೇ ಅವಳು ಅತ್ತರದಲ್ಲಿ ಅದ್ದಿದ ಹತ್ತಿ ಸಿಕ್ಕಿಸಿಕೊಂಡು ಊರು ತಿರುಗುತ್ತಿದ್ದಳು. ಸೆರಗಿನಿಂದ ಮುಚ್ಚಿಕೋ ಎಂದವರಿಗೆ, "ನಾ ಯಾಕ ಮುಚ್ಕೊಳ್ಲಿ? ಹರದಾಂವ ತನ್ನ ಮಾರಿ ಮುಚ್ಕೊಳ್ಲಿ" ಅನ್ನುತ್ತಿದ್ದಳು.

ಬೀಳಗಿ ಕಡೆಯ ಅವಳ ಊರು ಆಣೆಕಟ್ಟಿನ ನೀರಿಗೆ ಹೋದ ಮೇಲೆ ಬನಹಟ್ಟಿಗೆ ಬಂದು ನಮ್ಮ ಹಿತ್ತಲ ಕೋಣೆಯಲ್ಲಿ ಬಾಡಿಗೆಗೆ ಇದ್ದಳು. ಮದುವೆ ಮನೆಗಳಲ್ಲಿ ಹೆಂಗಸರ ಮುಂಗೈಗೆ ಅತ್ತರ ಹಚ್ಚುವುದು ಅವಳ ಕೆಲಸ. ಕೂಲಿಯವಳೆಂದು ಅವಳಿಗೆ ಗಂಡ ಇಲ್ಲದ್ದನ್ನು ಯಾರೂ ಎಣಿಸುತ್ತಿರಲಿಲ್ಲ. ಸೀಸೆಯ ಮೊದಲ ಹನಿ ಮನೆಯ ಹಿರಿಯ ಮುತ್ತೈದೆಗೆ, ಆಮೇಲೆ ಉಳಿದವರಿಗೆ. ಗಂಡ ಸತ್ತವರಿಗೆ ಇಲ್ಲ. ನಮ್ಮಲ್ಲಿ ಇದನ್ನು ಯಾರೂ ಹೇಳಿಕೊಡುವುದಿಲ್ಲ, ಎಲ್ಲರಿಗೂ ಗೊತ್ತಿರುತ್ತದೆ.

ನನ್ನ ಗಂಡ ಮಗ್ಗದ ಮನೆಯಲ್ಲಿ ಕರೆಂಟು ಹೊಡೆದು ಸತ್ತ. ಅಂದಿನಿಂದ ಅವನ ತಂಗಿ, ಅಂದರೆ ನನ್ನ ನಾದಿನಿ, ಪ್ರತಿ ಕಾರ್ಯದಲ್ಲೂ ನನ್ನನ್ನು ಒಲೆಯ ಹಿಂದೆ ಕೂರಿಸಿದಳು. ನನ್ನ ಕೈಯ ಹೋಳಿಗೆ ಬೇಕು, ನಾನು ಬೇಡ. ಅಕ್ಕನ ಮುಂದೆ ಹೇಳಿಕೊಂಡು ಅತ್ತೆ. ಅವಳು ಸಮಾಧಾನ ಮಾಡಲಿಲ್ಲ. "ಅಳಬ್ಯಾಡ. ನೆನಪ ಇಟ್ಕೊ, ಸಾಕು" ಅಂದಳು.

ಕೆಲವು ವರ್ಷಕ್ಕೆ ಮುಧೋಳದಲ್ಲಿ ನಾದಿನಿಯ ಮಗಳ ಮದುವೆ. ಬೀಗರು ಬಾಯಿ ಬಿಡುವಂಥ ಸೆಂಟು ಬೇಕೆಂದು ನಾದಿನಿ ಹಟ ಹಿಡಿದಳು. ಮುಂಬೈಯ ಸೆಂಟಿನ ಅಂಗಡಿಯಲ್ಲಿದ್ದ ತನ್ನ ಅಳಿಯನಿಂದ ಅಕ್ಕ ವಿದೇಶಿ ಸೀಸೆಯೊಂದನ್ನು ತರಿಸಿ, ಮದುವೆಯ ಮುನ್ನಾದಿನ ನನಗೆ ಡಬ್ಬಿ ತೋರಿಸಿದಳು. ಮೇಲೆ ಎರಡು ಬೆಕ್ಕು ಎಳೆಯುವ ಗಾಡಿ, ಅದರಲ್ಲಿ ಕೊರಳ ತುಂಬ ಸರ ಹಾಕಿಕೊಂಡ ಹೆಣ್ಣು.

"ಇಕಿ ಯಾರ ಯಕ್ಕಾ?"

"ಹಿಮಾ ಬೀಳೂ ದೇಶದ ದೇವಿ ಅಂತ, ಫ್ರೇಯಾ. ಅಳಿಯ ಹೇಳ್ಯಾನ. ಗಂಡ ಎತ್ಲಾಗೊ ಹೋದಾಂವ ತಿರುಗಿ ಬರಲಿಲ್ಲ. ಅತ್ಲು, ದೇಶಾ ತಿರುಗಿ ಹುಡುಕಿದ್ಲು. ಆದ್ರ ಕೊಳ್ಳಾನ ಸರಾ ತಗೀಲಿಲ್ಲ ನೋಡು."

"ಯಾರೂ ತಗಿ ಅನ್ಲಿಲ್ಲೇನು?"

"ಅಂದಿದ್ರ ಬದಕತಿದ್ರ? ಯುದ್ಧದಾಗ ಸತ್ತಾವ್ರೊಳಗ ಅರ್ಧಾ ಮಂದಿ ಇಕಿ ಪಾಲಂತ."

ಇಬ್ಬರೂ ಹೊಟ್ಟೆ ಹಿಡಿದುಕೊಂಡು ನಕ್ಕೆವು.

ಮರುದಿನ ಹಂದರದಲ್ಲಿ ಹೆಂಗಸರೆಲ್ಲ ಜಮಖಾನೆಯ ಮೇಲೆ ಕೂತಿದ್ದರು. ನಾದಿನಿ ಮುಂದೆ ಕೂತು ಕೈ ಚಾಚಿದಳು. ಅಕ್ಕ ಆ ಕೈಯನ್ನು ದಾಟಿ ಒಲೆಯ ಕಡೆ ಬಂದಳು. ಹಿಟ್ಟು ಮೆತ್ತಿದ ನನ್ನ ಕೈಯನ್ನು ತನ್ನ ಸೆರಗಿನಿಂದ ಒರೆಸಿ, ಎಳೆದುಕೊಂಡು ಹೋಗಿ ಹಂದರದ ನಡುವೆ ನಿಲ್ಲಿಸಿದಳು. ಎಲ್ಲರ ಎದುರು ಸೀಸೆಯ ಮುಚ್ಚಳ ತಿರುವಿ ಮೊದಲ ಹನಿ ನನ್ನ ಮುಂಗೈಗೆ ಹಚ್ಚಿದಳು. ಕಿತ್ತಳೆ ಸಿಪ್ಪೆ ಹಿಂಡಿದಂತೆ ಮೂಗಿಗೆ ಬಡಿಯಿತು, ಅದರ ಬೆನ್ನಿಗೆ ನಿಂಬೆ, ತಳದಲ್ಲಿ ಮಲ್ಲಿಗೆ.

"ಏನ ಮಾಡಿದಿ ನೀ?" ನಾದಿನಿ ಚಾಚಿದ ಕೈ ಚಾಚಿದಂತೆಯೇ ಕೇಳಿದಳು.

"ಹಿರೇರಿಗೆ ಮೊದಲ ಹಚ್ಚೀನ್ರಿ. ನಿಮ್ಮಣ್ಣನ ಹೇಣ್ತಿ ಅಲ್ಲೇನ್ರಿ? ಈಗ ಹೇಳ್ರಿ, ನಿಮಗ ಬೇಕೊ ಬ್ಯಾಡೊ?"

ಬೇಕೆಂದರೆ ನನ್ನ ನಂತರದ ಹನಿ. ಬೇಡವೆಂದರೆ ಬೀಗರ ಎದುರು ಬರಿಗೈ. ನಾದಿನಿ ಕೈಯನ್ನು ಸೆರಗಿನೊಳಗೆ ಎಳೆದುಕೊಂಡಳು. ಅಷ್ಟರಲ್ಲಿ ಬೀಗರ ಕಡೆಯ ಮುದುಕಿಯೊಬ್ಬಳು, "ವಾಸನಿ ಛಲೋ ಐತಿ, ನನಗೂ ಹಚ್ಚ ಬೇ" ಎಂದಳು. ಆಮೇಲೆ ಸಾಲುಸಾಲು ಕೈಗಳು. ಅಂದು ಎಲ್ಲರ ಕೈ ಘಮಘಮ, ನಾದಿನಿಯದು ಮಾತ್ರ ಇಲ್ಲ. ನಾನು ಅವಳ ಪಕ್ಕದಲ್ಲೇ ಕೂತು ಉಂಡೆ. ಹೋಳಿಗೆ ಅಷ್ಟು ರುಚಿಯಾಗಿ ಎಂದೂ ತಿಂದಿಲ್ಲ.

ದೊಡ್ಡ ಮನೆಗಳು ಅಕ್ಕನನ್ನು ಕರೆಯುವುದು ಬಿಟ್ಟವು. "ಬಿಡಲಿ. ಅವತ್ತ ನಿನ್ನ ನಾದಿನಿ ಮಾರಿ ನೋಡೀನಲ್ಲ, ಸಾಕು" ಅಂದಳು. ಕರೆದ ಮನೆಗಳಲ್ಲಿ ಹೊಸ್ತಿಲು ದಾಟುತ್ತಲೇ, "ಗಂಡ ಇಲ್ದಾವ್ರನ್ನ ಎಲ್ಲಿ ಕುಂಡ್ರಿಸೀರಿ?" ಎಂದು ಕೇಳುತ್ತಿದ್ದಳು.

ಸಾಯುವಾಗ ಅವಳು ಜಮಖಂಡಿಯ ಮಗಳ ಮನೆಯಲ್ಲಿದ್ದಳು. ಹೋಗಿ ಮಾರಿ ನೋಡಿ ಬಂದೆ. ಸುದ್ದಿ ತಿಳಿದು ನಾದಿನಿ ಬನಹಟ್ಟಿಗೆ ಬಂದಳು. ಚಹಾ ಕೊಟ್ಟೆ, ಕುಡಿದಳು.

"ವೈನಿ, ಆಕಿನೂ ಹೋದ್ಲು. ಇನ್ನ ಅದನ್ನೆಲ್ಲಾ ಮರತ ಬಿಡೂಣು."

"ಆಕಿ ಹೋಗ್ಯಾಳ," ಅಂದೆ. "ನಾ ಇನ್ನೂ ಅದೇನಿ."